ಕ್ಯಾರವಾನ್‌ಗೆ ಏನು ಕೊಳ್ಳಬೇಕು, ಏನನ್ನು ಅಂಗಡಿಯಲ್ಲೇ ಬಿಟ್ಟು ಬರಬೇಕು

ಇಲ್ಲಿ ಇಂಗ್ಲೆಂಡಿನಲ್ಲಿ ನನಗೆ ಗೊತ್ತಿರುವ ಮೂರ್ನಾಲ್ಕು ಕನ್ನಡದ ಮನೆಯವರು ಈಚೆಗೆ ಸೆಕೆಂಡ್ ಹ್ಯಾಂಡ್ ಕ್ಯಾರವಾನ್, ಅಂದರೆ ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆಯಂಥ ಗಾಡಿ ಕೊಂಡಿದ್ದಾರೆ, ಒಬ್ಬರು ಮೋಟರ್‌ಹೋಮ್, ಅಂದರೆ ತಾನೇ ಓಡುವ ಅಂಥದೇ ಗಾಡಿ ಕೊಂಡಿದ್ದಾರೆ. ಎಲ್ಲರೂ ಫೋನ್ ಮಾಡಿ ಕೇಳುವುದು ಒಂದೇ: ಜೊತೆಗೆ ಏನೇನು ತಗೋಬೇಕು? ಕ್ಯಾರವಾನ್ ಸಾಮಾನಿನ ಅಂಗಡಿಗೆ ಹೋದರೆ ನೆಲದಿಂದ ಸೂರಿನವರೆಗೂ ಸಾಮಾನು, ನೋಡಿದ್ದೆಲ್ಲ ಬೇಕು ಅನ್ನಿಸುತ್ತದೆ. ನಾವೂ ಮೊದಲ ವರ್ಷ ಹಾಗೇ ಕೊಂಡೆವು. ಆರು ವರ್ಷ ತಿರುಗಾಡಿದ ಮೇಲೆ ಯಾವುದು ಪ್ರತಿ ಸಲ ಕೈಗೆ ಬರುತ್ತದೆ, ಯಾವುದು ಗ್ಯಾರೇಜಿನ ಮೂಲೆ ಸೇರಿದೆ ಅಂತ ಚೆನ್ನಾಗಿ ಗೊತ್ತಾಗಿದೆ.

ಏನೇ ಕೊಳ್ಳುವ ಮೊದಲು ಎರಡು ಲೆಕ್ಕ ಹಾಕಿ: ಎಷ್ಟು ಕೆಜಿ, ಎಷ್ಟು ವ್ಯಾಟ್.

ಕೆಜಿ ಲೆಕ್ಕ ಸುಲಭ. ಕ್ಯಾರವಾನ್ ಬಾಗಿಲ ಹತ್ತಿರ ಚಿಕ್ಕದೊಂದು ಪ್ಲೇಟ್ ಇರುತ್ತದೆ, ಅದರಲ್ಲಿ ಗಾಡಿಯ ಗರಿಷ್ಠ ತೂಕ ಬರೆದಿರುತ್ತದೆ. ಅದರಲ್ಲಿ ಖಾಲಿ ಗಾಡಿಯ ತೂಕ ಕಳೆದರೆ ಉಳಿಯುವುದಷ್ಟೇ ನಿಮ್ಮ ಸಾಮಾನಿಗೆ. ಎಷ್ಟೋ ಕ್ಯಾರವಾನ್‌ಗಳಲ್ಲಿ ಅದು 150 ಕೆಜಿ ಆಸುಪಾಸು. ರಿಮೋಟ್ ಒತ್ತಿ ಗಾಡಿ ಸರಿಸುವ ಮೋಟರ್ ಮೂವರ್ ಹಾಕಿಸಿದರೆ 30 ಕೆಜಿ ಹೋಯಿತು. ಬ್ಯಾಟರಿ 20 ಕೆಜಿ ದಾಟುತ್ತದೆ, ಆಚೆ ಕಟ್ಟುವ ಟೆಂಟ್ ಇನ್ನೊಂದು 20. ಆಮೇಲೆ ಹಾಸಿಗೆ, ಬಟ್ಟೆ, ಅಕ್ಕಿ, ಕುಕ್ಕರ್. ಮೋಟರ್‌ಹೋಮ್ ಆದರೆ 3,500 ಕೆಜಿಯ ಮಿತಿಯಲ್ಲಿ ನೀವು, ಮಕ್ಕಳು, ಟ್ಯಾಂಕಿನ ನೀರು ಎಲ್ಲವೂ ಸೇರುತ್ತವೆ, 100 ಲೀಟರ್ ನೀರು ಅಂದರೆ 100 ಕೆಜಿ. ಅದಕ್ಕೇ ನಾವು ಎರಕದ ಕಬ್ಬಿಣದ ದೋಸೆ ಕಾವಲಿ ಮನೆಯಲ್ಲೇ ಬಿಟ್ಟು ತೆಳು ನಾನ್‌ಸ್ಟಿಕ್ ಒಂದನ್ನು ಗಾಡಿಗೇ ಅಂತ ಇಟ್ಟಿದ್ದೇವೆ.

ವ್ಯಾಟ್ ಲೆಕ್ಕ ನಾವು ಕಲಿತದ್ದು ಪೀಕ್ ಡಿಸ್ಟ್ರಿಕ್ಟ್ ಅನ್ನುವ ಇಲ್ಲಿನ ಗುಡ್ಡಗಾಡಿನಲ್ಲಿ, ಗಾಡಿ ನಿಲ್ಲಿಸಿ ಉಳಿಯುವ ಒಂದು ಕ್ಯಾಂಪ್‌ಸೈಟಿನಲ್ಲಿ, ಮೊದಲ ರಾತ್ರಿ. ಹೀಟರ್ ಹಾಕಿದ್ದೆವು, ನೀರು ಕಾಯುತ್ತಿತ್ತು, ನನ್ನ ಹೆಂಡತಿ ಮನೆಯಿಂದ ತಂದ ಕೆಟಲ್‌ನಲ್ಲಿ ಕಾಫಿಗೆ ನೀರಿಟ್ಟಳು, ಸ್ವಲ್ಪ ಹೊತ್ತಿಗೆ ಟಪ್ ಅಂತ ಕರೆಂಟ್ ಹೋಯಿತು, ಸ್ವಿಚ್ ಇದ್ದದ್ದು ಹೊರಗೆ ಕಂಬದಲ್ಲಿ, ಮಳೆ ಬೇರೆ. ಕ್ಯಾಂಪ್‌ಸೈಟಿನ ಕರೆಂಟು ಮನೆಯ ಕರೆಂಟಿನ ಹಾಗಲ್ಲ. ಕೆಲವು ಕಡೆ 16 ಆಂಪ್ಸ್ ಸಿಗುತ್ತದೆ, ಬಹಳ ಕಡೆ 10, ಹಳೆಯ ಜಾಗಗಳಲ್ಲಿ 6. 10 ಆಂಪ್ಸ್ ಅಂದರೆ 2,300 ವ್ಯಾಟ್. ಇಲ್ಲಿನ ಮನೆಗಳ ಕೆಟಲ್ ಒಂದೇ 3,000 ವ್ಯಾಟ್ ಎಳೆಯುತ್ತದೆ. ಹೀಟರ್ ಒಂದು ಸಾವಿರಕ್ಕೆ ಇಟ್ಟರೆ, ಬಿಸಿನೀರಿಗೆ 850, ಫ್ರಿಜ್ಜಿಗೆ ಒಂದು 150, ಅಲ್ಲಿಗೇ ಎರಡು ಸಾವಿರ ಆಯಿತು. ಮಿಕ್ಸಿ ಹಾಕಬೇಕಾದರೂ ಏನನ್ನಾದರೂ ಆರಿಸಬೇಕು. ಈ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಅಡುಗೆ ಬೀರುವಿನ ಬಾಗಿಲ ಒಳಗೆ ಅಂಟಿಸಿ, ಮನೆಯವರೆಲ್ಲ ಓದುವ ಹಾಗೆ.

ಹಾಗಾಗಿ ಕೊಳ್ಳಬೇಕಾದ್ದು 1,000 ವ್ಯಾಟ್ ಒಳಗಿನ ಕೆಟಲ್. ನಿಧಾನ, ಆದರೆ ಹೀಟರ್ ಆರಿಸಿ ಇಟ್ಟರೆ ಕರೆಂಟ್ ಹೋಗುವುದಿಲ್ಲ. 500 ವ್ಯಾಟಿನ ಚಿಕ್ಕ ರೈಸ್ ಕುಕ್ಕರ್ ನಮ್ಮಂಥವರಿಗೆ ಬಹಳ ಒಳ್ಳೆಯದು, ಅನ್ನ ತಾನಾಗಿ ಆಗುತ್ತಿದ್ದರೆ ಒಲೆ ಸಾರಿಗೆ ಸಿಗುತ್ತದೆ. ಊರಿಂದ ತಂದ ಮಿಕ್ಸಿ, ಕುಕ್ಕರ್ ಇಲ್ಲಿಯೂ ನಡೆಯುತ್ತವೆ, ಎರಡೂ ಕಡೆ 230 ವೋಲ್ಟೇ. ಎರಡು ಸಾವಿರ ವ್ಯಾಟಿನ ಇಂಡಕ್ಷನ್ ಸ್ಟೌ ಬೇಡ.

ದಯವಿಟ್ಟು ಕೊಳ್ಳಬೇಡಿ ಅನ್ನುವ ಮೊದಲ ಸಾಮಾನು, ಕಾರಿನ ಸಿಗರೇಟ್ ಲೈಟರ್ ತೂತಿಗೆ ಸಿಕ್ಕಿಸುವ 12 ವೋಲ್ಟ್ ಕೆಟಲ್. ಅಂಗಡಿಯಲ್ಲಿ ಮುದ್ದಾಗಿ ಕಾಣುತ್ತದೆ. ಆದರೆ ಆ ತೂತಿನಿಂದ ಅದು ಎಳೆಯುವುದು 150 ವ್ಯಾಟ್ ಹತ್ತಿರ, ಅಷ್ಟರಲ್ಲಿ ಒಂದು ಲೀಟರ್ ತಣ್ಣೀರು ಕುದಿಯಲು 40 ನಿಮಿಷ ಬೇಕು. ಅದೇ ನೀರು ಗ್ಯಾಸಿನ ಮೇಲೆ ಐದಾರು ನಿಮಿಷದಲ್ಲಿ ಕುದಿಯುತ್ತದೆ, ಗ್ಯಾಸ್ ಒಲೆ ಗಾಡಿಯಲ್ಲೇ ಇದೆ ಅಲ್ವಾ? 12 ವೋಲ್ಟಿನಲ್ಲಿ ಬಿಸಿ ಮಾಡುವ ಯಾವ ಸಾಮಾನನ್ನೂ ನಂಬಬೇಡಿ. 12 ವೋಲ್ಟ್ ಇರುವುದು ದೀಪ, ನೀರಿನ ಪಂಪು, ಫೋನ್ ಚಾರ್ಜು, ಚಿಕ್ಕ ಫ್ಯಾನು, ಇಂಥವಕ್ಕೆ.

ಇನ್ವರ್ಟರ್ ಬಗ್ಗೆಯೂ ಕೇಳುತ್ತಾರೆ. 550 ವ್ಯಾಟ್ ಮಿಕ್ಸಿಯನ್ನು ಇನ್ವರ್ಟರ್ ಮೇಲೆ ಓಡಿಸಿದರೆ ಬ್ಯಾಟರಿಯಿಂದ 50 ಆಂಪ್ಸ್ ಹತ್ತಿರ ಎಳೆಯುತ್ತದೆ. ಎರಡು ಮೂರು ನಿಮಿಷದ ಚಟ್ನಿಗೆ ಬ್ಯಾಟರಿ ಖಾಲಿ ಆಗುವುದಿಲ್ಲ, ಆದರೆ ಅಷ್ಟು ಕರೆಂಟಿಗೆ ದಪ್ಪ ವೈರ್ ಬೇಕು, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಬೇಕು, ಗೊತ್ತಿರುವವರೇ ಹಾಕಬೇಕು. ವರ್ಷದಲ್ಲಿ ಹೆಚ್ಚು ರಾತ್ರಿ ಕರೆಂಟ್ ಇಲ್ಲದ ಕಡೆ ಉಳಿಯುವವರಾದರೆ ಹಾಕಿಸಿ. ಇಲ್ಲವಾದರೆ ಚಟ್ನಿಪುಡಿ ಒಂದು ಡಬ್ಬಿ ಒಯ್ಯಿರಿ ಅನ್ನುವುದೇ ನನ್ನ ಸಲಹೆ. ಸೋಲಾರ್ ಪ್ಯಾನೆಲ್ ಕೂಡ ಇದೇ ಥರ. ಜೂನ್‌ನಲ್ಲಿ ಇಲ್ಲಿ 16 ಗಂಟೆ ಬೆಳಕಿರುತ್ತದೆ, 100 ವ್ಯಾಟಿನ ಪ್ಯಾನೆಲ್ ದೀಪ, ಪಂಪಿಗೆ ಸಾಕು. ಡಿಸೆಂಬರಿನ ಎಂಟು ಗಂಟೆ ಹಗಲಿನಲ್ಲಿ, ಅದೂ ಮೋಡದಲ್ಲಿ, ಊರಿನ ಬಿಸಿಲನ್ನು ನೆನೆಸಿಕೊಂಡು ಅದರ ಮೇಲೆ ಭರವಸೆ ಇಡಬೇಡಿ.

ಈಗ ಚೌಕಾಸಿ ಮಾಡದೆ ಕೊಳ್ಳಬೇಕಾದವು. ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದೆ ಒಂದು ರಾತ್ರಿಯೂ ಮಲಗಬೇಡಿ. ಆ ಅನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಚಿಕ್ಕ ಮುಚ್ಚಿದ ಜಾಗದಲ್ಲಿ ಬೇಗ ತುಂಬಿಕೊಳ್ಳುತ್ತದೆ. ಕೊಳ್ಳುವಾಗ ಡಬ್ಬಿಯ ಮೇಲೆ ಇಎನ್ 50291-2 ಅಂತ ಇದೆಯಾ ನೋಡಿ, ಕ್ಯಾರವಾನ್, ದೋಣಿಗಳಿಗೆ ಅಂತ ಇರುವ ಮಾನದಂಡ ಅದು, ಮನೆಯದಕ್ಕೆ ಕೊನೆಯಲ್ಲಿ 1 ಇರುತ್ತದೆ. ಬಾರ್ಬೆಕ್ಯೂ ಇದ್ದಿಲು ಆರಿದ ಹಾಗೆ ಕಂಡರೂ ಈ ಅನಿಲ ಬರುತ್ತಲೇ ಇರುತ್ತದೆ, ಮಳೆ ಬಂತು ಅಂತ ಅದನ್ನು ಟೆಂಟಿನೊಳಗೆ ತರಲೇಬೇಡಿ. ಗಾಡಿಯ ನೆಲದಲ್ಲಿ ಕೆಲವು ತೂತುಗಳಿರುತ್ತವೆ, ಚಳಿ ಅಂತ ಟೇಪ್ ಹಾಕಿ ಮುಚ್ಚುವವರನ್ನು ನೋಡಿದ್ದೇನೆ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ನಿಲ್ಲುತ್ತದೆ, ಅದು ಹೊರಗೆ ಹೋಗಲು ಬಿಟ್ಟಿರುವ ದಾರಿ ಆ ತೂತುಗಳು. ಗ್ಯಾಸ್ ಸೋರಿಕೆಯ ಅಲಾರಂ ಹಾಕಿಸಿದರೂ ಇದೇ ಕಾರಣಕ್ಕೆ ನೆಲದ ಹತ್ತಿರ ಇರಬೇಕು.

ಹೊಗೆ ಅಲಾರಂ ವಿಷಯದಲ್ಲಿ ನಮ್ಮ ಅಡುಗೆಗೇ ಒಂದು ಮಾತು. ಒಗ್ಗರಣೆಗೆ ಮೆಣಸಿನಕಾಯಿ ಹಾಕಿದ ತಕ್ಷಣ ಕೂಗುತ್ತದೆ ಅಂತ ಬ್ಯಾಟರಿ ತೆಗೆದಿಟ್ಟು, ಮತ್ತೆ ಹಾಕಲು ಮರೆಯುವವರು ಇದ್ದಾರೆ. ಹಾಗೆ ಮಾಡಬೇಡಿ. ಆಪ್ಟಿಕಲ್, ಅಂದರೆ ಬೆಳಕಿನಿಂದ ಹೊಗೆ ಗುರುತಿಸುವ ಮಾದರಿಯದು, ಸ್ವಲ್ಪ ಹೊತ್ತು ಸುಮ್ಮನಿರಿಸುವ ಬಟನ್ ಇರುವುದು ತಗೊಳ್ಳಿ, ಒಗ್ಗರಣೆ ಹಾಕುವಾಗ ಸೂರಿನ ಕಿಟಕಿ ತೆಗೆಯಿರಿ.

ಇದರ ಪಕ್ಕದಲ್ಲೇ ಮಾರುವ ಇನ್ನೊಂದು ಅಲಾರಂ ಇದೆ, ಅದು ಬೇಡ. ಫ್ರಾನ್ಸ್ ಕಡೆ ಕಳ್ಳರು ರಾತ್ರಿ ಗಾಡಿಯೊಳಗೆ ಮಂಪರಿನ ಗ್ಯಾಸ್ ಬಿಟ್ಟು ದೋಚುತ್ತಾರೆ ಅನ್ನುವ ಭಯದ ಮೇಲೆ ಅದು ಮಾರಾಟವಾಗುತ್ತದೆ. ಬ್ರಿಟನ್ನಿನ ಅರಿವಳಿಕೆ ವೈದ್ಯರ ರಾಯಲ್ ಕಾಲೇಜು ಇದು ಬರೀ ಕಟ್ಟುಕಥೆ ಅಂತ ಸ್ಪಷ್ಟವಾಗಿ ಹೇಳಿದೆ. ಅಷ್ಟು ದೊಡ್ಡ ಜಾಗದಲ್ಲಿ ಜನ ಏಳದ ಹಾಗೆ ಮಾಡಲು ಬೇಕಾಗುವ ಅನಿಲ ಸ್ವಲ್ಪವಲ್ಲ. ಆ ದುಡ್ಡಿಗೆ ಬಾಗಿಲಿಗೆ ಒಂದು ಒಳ್ಳೆಯ ಒಳಬೀಗ ಹಾಕಿಸಿ, ನೆಮ್ಮದಿಯ ನಿದ್ದೆ ಬರುತ್ತದೆ.

ರಸ್ತೆಯ ಮೇಲೆ ನನಗೆ ಹೆಚ್ಚು ಭಯ ಇರುವುದು ಟೈರಿನದು. ಕ್ಯಾರವಾನಿನ ಟೈರ್ ಪಂಕ್ಚರ್ ಆದರೆ ಮುಂದೆ ಕಾರಿನಲ್ಲಿ ಕೂತವರಿಗೆ ಗೊತ್ತೇ ಆಗುವುದಿಲ್ಲ, ಗೊತ್ತಾಗುವ ಹೊತ್ತಿಗೆ ಟೈರ್ ಚೂರಾಗಿರುತ್ತದೆ. ವಾಲ್ವಿಗೆ ಸಿಕ್ಕಿಸುವ ಟೈರ್ ಪ್ರೆಶರ್ ಮಾನಿಟರ್ ಒಂದು ಸಲ ಎಂ6 ಮೋಟರ್‌ವೇಯಲ್ಲಿ ನಮ್ಮನ್ನು ಸರಿಯಾದ ಹೊತ್ತಿಗೆ ಎಚ್ಚರಿಸಿತು, ಮುಂದಿನ ಸರ್ವಿಸಸ್‌ನಲ್ಲಿ, ಅಂದರೆ ದಾರಿಬದಿಯ ತಂಗುದಾಣದಲ್ಲಿ ನಿಲ್ಲಿಸಿ ನೋಡಿದರೆ ಮೊಳೆ ಹೊಕ್ಕಿತ್ತು. ಜೊತೆಗೆ ಟಾರ್ಕ್ ರೆಂಚ್, ಅಂದರೆ ಬೋಲ್ಟನ್ನು ಅಳತೆಗೆ ತಕ್ಕಷ್ಟೇ ಬಿಗಿ ಮಾಡುವ ಸ್ಪ್ಯಾನರ್ ಇಟ್ಟುಕೊಳ್ಳಿ. ಚಕ್ರ ಬಿಚ್ಚಿ ಹಾಕಿದ ಮೇಲೆ ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿ ಮಾಡಿ, 30 ಮೈಲಿ ಓಡಿಸಿ ಮತ್ತೊಮ್ಮೆ ನೋಡಿ. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳನ್ನೂ ಓದಿ: 2319 ಅಂದರೆ 2019ರ 23ನೇ ವಾರ ತಯಾರಾದದ್ದು. ನಿಂತೇ ಇರುವ ಗಾಡಿ ಅಲ್ವಾ, ಮೇಲೆ ಹೊಸದರ ಹಾಗೆ ಕಂಡರೂ ರಬ್ಬರ್ ಒಳಗೆ ಹಳೆಯದಾಗಿರುತ್ತದೆ.

ಕಾರಿನ ಕೊಕ್ಕೆಯ ಮೇಲೆ ಬೀಳುವ ಭಾರವನ್ನು ಅಳೆಯುವ ಗೇಜ್ ಬೇಡ, ಅಳತೆ ಮಾತ್ರ ಬೇಕೇ ಬೇಕು. ತುಂಬಿದ ಕ್ಯಾರವಾನಿನ ತೂಕದಲ್ಲಿ ನೂರಕ್ಕೆ 5ರಿಂದ 7ರಷ್ಟು ಮುಂದೆ ಇರಬೇಕು, ನಿಮ್ಮ ಕಾರಿನ ಮಿತಿಯನ್ನು ಮೀರದ ಹಾಗೆ. 1,300 ಕೆಜಿಗೆ 65ರಿಂದ 91 ಕೆಜಿ. ಕಡಿಮೆ ಆದರೆ ಗಾಡಿ ಹಿಂದೆ ಬಾಲ ಆಡಿಸುತ್ತದೆ, ಅದು ತುಂಬ ಅಪಾಯ. ಸಮತಟ್ಟಾದ ಜಾಗದಲ್ಲಿ ಚಕ್ರಕ್ಕೆ ಅಡ್ಡ ಕೊಟ್ಟು, ಮನೆಯ ತೂಕದ ಯಂತ್ರವನ್ನು ಕ್ಯಾರವಾನಿನ ಮುಂದಿನ ಕೊಕ್ಕೆಯ ಕೆಳಗಿಟ್ಟು, ಮಧ್ಯೆ ಒಂದು ಮರದ ತುಂಡು ನಿಲ್ಲಿಸಿ, ಮುಂಭಾಗಕ್ಕೆ ಆಸರೆಯಾಗಿರುವ ಚಿಕ್ಕ ಚಕ್ರವನ್ನು (ಜಾಕಿ ವೀಲ್) ಮೇಲೆತ್ತಿ. ಯಂತ್ರ ತೋರಿಸುವುದೇ ಭಾರ. ಸಾಮಾನನ್ನು ಹಿಂದೆ ಮುಂದೆ ಸರಿಸಿ ಸರಿ ಮಾಡಿಕೊಳ್ಳಿ.

ಗಾಡಿ ಮಟ್ಟವಾಗಿ ನಿಲ್ಲಿಸಲು ಹಳದಿ ಪ್ಲಾಸ್ಟಿಕ್ ರ್‍ಯಾಂಪ್ ಒಂದು ಜೋಡಿ ಮತ್ತು ಗಾರೆ ಕೆಲಸದವರು ಇಟ್ಟುಕೊಳ್ಳುವಂಥ ರಸಮಟ್ಟ ಸಾಕು. ಬ್ಲೂಟೂತ್ ಮಟ್ಟ ಬೇಡ. ನಾಲ್ಕು ಮೂಲೆಯ ಕಾಲುಗಳನ್ನು ಇಳಿಸಲು ಬ್ಯಾಟರಿ ಡ್ರಿಲ್ಲಿಗೆ 19 ಎಂಎಂ ಸಾಕೆಟ್ ಹಾಕಿಕೊಳ್ಳಿ, ಬೆನ್ನಿಗೆ ದೊಡ್ಡ ಉಪಕಾರ. ಆ ಕಾಲುಗಳು ಇರುವುದು ಗಾಡಿ ಅಲುಗಾಡದ ಹಾಗೆ ಹಿಡಿಯಲು ಮಾತ್ರ, ಅವುಗಳಿಂದ ಗಾಡಿ ಎತ್ತಬೇಡಿ. ಕರೆಂಟಿನ ಕಿತ್ತಳೆ ಕೇಬಲ್ 25 ಮೀಟರಿನದೇ ಇರಲಿ, ಹತ್ತಿರದಲ್ಲೇ ಕಂಬ ಇದ್ದರೂ ಸುರುಳಿ ಪೂರ್ತಿ ಬಿಚ್ಚಿ ಹಾಸಿ, ಸುತ್ತಿಟ್ಟರೆ ಬಿಸಿಯಾಗಿ ಕರಗಬಹುದು.

ಬೆಳಿಗ್ಗೆ ಕಿಟಕಿಗಳಲ್ಲಿ ನೀರಿಳಿಯುವುದಕ್ಕೆ ಬಗೆಬಗೆಯ ಡಬ್ಬಿ, ಪುಡಿ ಮಾರುತ್ತಾರೆ. ನಾಲ್ಕು ಜನರ ಉಸಿರು, ಮೇಲೆ ಕುಕ್ಕರಿನ ಮೂರು ವಿಷಲ್, ಯಾವ ಪುಡಿ ತಡೆಯುತ್ತದೆ? ಕುಕ್ಕರನ್ನು ಹೊರಗಿನ ಗ್ಯಾಸ್ ಸ್ಟೌ ಮೇಲೆ ಇಡಿ, ರಾತ್ರಿ ಸೂರಿನ ಕಿಟಕಿ ಒಂದಿಷ್ಟು ತೆರೆದಿಡಿ. ಮೋಟರ್‌ಹೋಮಿನವರು ಮುಂದಿನ ಗಾಜಿಗೆ ಹೊರಗಿನಿಂದ ಹೊದಿಸುವ ದಪ್ಪ ಹೊದಿಕೆ ಕೊಳ್ಳಬಹುದು, ಅದು ನಿಜಕ್ಕೂ ಕೆಲಸ ಮಾಡುತ್ತದೆ.

ಕೊನೆಗೆ ಗ್ಯಾಸ್. ಚಳಿಗಾಲದಲ್ಲಿ ಹೋಗುವವರು ಕೆಂಪು ಸಿಲಿಂಡರ್, ಅಂದರೆ ಪ್ರೊಪೇನ್ ತಗೊಳ್ಳಿ. ನೀಲಿಯದು ಬ್ಯೂಟೇನ್, ಸೊನ್ನೆ ಡಿಗ್ರಿ ಹತ್ತಿರ ಬಂದರೆ ಒಳಗೆ ಗ್ಯಾಸ್ ಇದ್ದರೂ ಒಲೆಗೆ ಬರುವುದಿಲ್ಲ. ಪ್ರೊಪೇನ್ ಮೈನಸ್ 42ರವರೆಗೂ ಬರುತ್ತದೆ. ಎಷ್ಟು ಉಳಿದಿದೆ ಅಂತ ತೋರಿಸಲು ಮ್ಯಾಗ್ನೆಟ್ ಪಟ್ಟಿ, ಫೋನಿಗೆ ಹೇಳುವ ಸೆನ್ಸರ್ ಎಲ್ಲ ಇವೆ, ಒಂದೂ ಬೇಡ. ಊರಿನ ಸಿಲಿಂಡರಿನ ಹಾಗೇ ಇದರ ಮೇಲೂ ಖಾಲಿ ತೂಕ ಬರೆದಿರುತ್ತದೆ, ಕೆಲವದರ ಮೇಲೆ ಪೌಂಡಿನಲ್ಲಿ. ಹೊರಡುವ ಹಿಂದಿನ ದಿನ ಅದೇ ಮನೆಯ ತೂಕದ ಯಂತ್ರದ ಮೇಲಿಟ್ಟು ಕಳೆಯಿರಿ. ಕ್ಯಾಂಪಿನಲ್ಲಿದ್ದಾಗ ಅಮ್ಮ ಮಾಡುತ್ತಿದ್ದ ಹಾಗೆ ಒದ್ದೆ ಬಟ್ಟೆಯಲ್ಲಿ ಸಿಲಿಂಡರ್ ಒರೆಸಿ ನೋಡಿ, ಬೇಗ ಒಣಗಿದ ಭಾಗ ಖಾಲಿ, ನಿಧಾನಕ್ಕೆ ಒಣಗಿದಷ್ಟು ಗ್ಯಾಸ್ ಇದೆ.