ನಟ್ಟು ಬಿಗಿಯುವ ಮೊದಲು

ಸಾಣೆ ಕಲ್ಲನ್ನು ಮಿಷನ್ನಿಗೆ ಕೂರಿಸುವುದೆಂದರೆ ನಟ್ಟು ಬಿಗಿಯುವುದು ಎಂದು ತಿಳಿದವರೇ ಹೆಚ್ಚು. ಮಂಗಳೂರಿನ ಬೈಕಂಪಾಡಿಯ ನನ್ನ ಶೆಡ್ಡಿಗೆ ಕೆಲಸಕ್ಕೆ ಸೇರುವ ಹುಡುಗರು, ಐಟಿಐ ಮುಗಿಸಿ ಬಂದವರೂ ಸೇರಿದಂತೆ, ಮೊದಲು ಕೈ ಹಾಕುವುದು ಸ್ಪ್ಯಾನರಿಗೇ. ಹಳೆಯದನ್ನು ಬಿಚ್ಚು, ಹೊಸದನ್ನು ಹಾಕು, ಮೈಭಾರವನ್ನೆಲ್ಲ ಹೇರಿ ನಟ್ಟು ತಿರುಗಿಸು, ಮುಗಿಯಿತು. ನನ್ನ ಲೆಕ್ಕದಲ್ಲಿ ನಟ್ಟಿನದು ಒಂದಾಣೆಯ ಕೆಲಸ. ಉಳಿದ ಹದಿನೈದಾಣೆ ಅದಕ್ಕೂ ಮೊದಲೇ ಮುಗಿದಿರಬೇಕು.

ನಮ್ಮಲ್ಲಿರುವುದು ಒಂದು ಪೆಡೆಸ್ಟಲ್ ಗ್ರೈಂಡರ್ (ಎರಡು ಬದಿಗೂ ಕಲ್ಲಿರುವ, ಕಂಬದ ಮೇಲೆ ನಿಂತ ಸಾಣೆ ಮಿಷನ್), ಒಂದು ಸರ್ಫೇಸ್ ಗ್ರೈಂಡರ್ (ಲೋಹದ ಮುಖವನ್ನು ಸಪಾಟಾಗಿ ಉಜ್ಜುವ ಮಿಷನ್), ಜೊತೆಗೆ ಕೈಯಲ್ಲಿ ಹಿಡಿಯುವ ಆ್ಯಂಗಲ್ ಗ್ರೈಂಡರುಗಳು. ಮೀನುಗಾರಿಕೆ ದಕ್ಕೆಯ ಬೋಟುಗಳ ಶಾಫ್ಟು, ಗೇರುಬೀಜದ ಕಾರ್ಖಾನೆಗಳ ಬ್ಲೇಡು, ಲೇತಿನ ಟೂಲು, ಹೀಗೆ ಬರುವ ಕೆಲಸ ಹಲವು ಬಗೆ. ಜೂನ್ ಮತ್ತು ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬೋಟುಗಳೆಲ್ಲ ದುರಸ್ತಿಗೆ ನಿಲ್ಲುತ್ತವೆ, ನಮಗೆ ಉಸಿರಾಡಲು ಬಿಡುವಿರುವುದಿಲ್ಲ. ಸಾಣೆ ಕಲ್ಲಿಗೆ ವರ್ಷದಲ್ಲೇ ಕೆಟ್ಟ ಕಾಲವೂ ಅದೇ. ಗೋಡೆ ಬೆವರುತ್ತದೆ, ರಟ್ಟು ಮೆತ್ತಗಾಗುತ್ತದೆ, ನಿನ್ನೆ ಒರೆಸಿಟ್ಟ ಸ್ಪಿಂಡಲಿನ, ಅಂದರೆ ಕಲ್ಲು ಕೂರುವ ತಿರುಗು ದಂಡದ ಮೇಲೆ ಇಂದು ಕೆಂಪು ತುಕ್ಕು.

ಕಲ್ಲು ಕೊಳ್ಳುವಾಗಲೇ ವೇಗದ ಲೆಕ್ಕ ಮಾಡುತ್ತೇನೆ. ಕಲ್ಲಿನ ವ್ಯಾಸವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು, ಮೋಟಾರಿನ ನಿಮಿಷದ ಸುತ್ತುಗಳಿಂದ ಗುಣಿಸಿ, ಅದನ್ನು 3.14ರಿಂದ ಗುಣಿಸಿ, 60,000ದಿಂದ ಭಾಗಿಸಿದರೆ ಅಂಚಿನ ವೇಗ ಸೆಕೆಂಡಿಗೆ ಎಷ್ಟು ಮೀಟರ್ ಎಂಬುದು ಸಿಗುತ್ತದೆ. ನನ್ನ ಪೆಡೆಸ್ಟಲಿನ ಮೋಟಾರು 2850 ಸುತ್ತಿನದು, ಕಲ್ಲು 200 ಮಿಲಿಮೀಟರಿನದು. ಲೆಕ್ಕ ಹಾಕಿದರೆ ಸುಮಾರು 30 ಮೀಟರ್ ಬರುತ್ತದೆ, ಅಂದರೆ ಗಂಟೆಗೆ 107 ಕಿಲೋಮೀಟರ್. ಹೆದ್ದಾರಿಯಲ್ಲಿ ನಮ್ಮ ಉಡುಪಿ ಎಕ್ಸ್‌ಪ್ರೆಸ್ ಬಸ್ಸುಗಳೂ ಆ ವೇಗಕ್ಕೆ ಸ್ವಲ್ಪ ಯೋಚಿಸುತ್ತವೆ ಎಂದುಕೊಳ್ಳೋಣ. ಅದೇ ಮೋಟಾರಿಗೆ 250 ಮಿಲಿಮೀಟರಿನ ಕಲ್ಲು ಹಾಕಿದರೆ ವೇಗ 37 ಮೀಟರ್ ದಾಟುತ್ತದೆ. 35 ಎಂದು ಅಚ್ಚಾದ ಕಲ್ಲಿಗೆ ಅದು ಮಿತಿ ಮೀರಿದ ವೇಗ. ಕಲ್ಲನ್ನು ಹೊರಗೆ ಎಳೆಯುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ ‘ಸ್ವಲ್ಪ ಹೆಚ್ಚು, ಪರವಾಗಿಲ್ಲ’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

ಕಲ್ಲಿನ ಗರಿಷ್ಠ ವೇಗ, ಸ್ಪಿಂಡಲಿನ ವೇಗ, ಪುಲ್ಲಿಯ ವ್ಯಾಸ ಇವುಗಳನ್ನು ಪ್ರತಿ ಗ್ರೈಂಡರಿನ ಪಕ್ಕದಲ್ಲಿ ಬರೆದು ಹಾಕಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯ 30ನೇ ಕಲಂ ಹೇಳಿತ್ತು. ಪುಲ್ಲಿಯ ವ್ಯಾಸ ಏಕೆ ಎಂದು ಹುಡುಗರು ಕೇಳುತ್ತಾರೆ. ಬೆಲ್ಟಿನ ಮಿಷನ್ನಿನಲ್ಲಿ ಸವೆದ ಪುಲ್ಲಿ ತೆಗೆದು ಕೈಗೆ ಸಿಕ್ಕಿದ ಇನ್ನೊಂದನ್ನು ಹಾಕಿದರೆ ಸ್ಪಿಂಡಲಿನ ಸುತ್ತು ಸದ್ದಿಲ್ಲದೆ ಏರಿರುತ್ತದೆ. ನನ್ನಲ್ಲಿ ಈ ಅಂಕಿಗಳನ್ನು ಗೋಡೆಯ ಮೇಲೆ ಪೇಂಟಿನಲ್ಲೇ ಬರೆಸಿದ್ದೇನೆ. ಕಾಗದ ಅಂಟಿಸಿದರೆ ಒಂದು ಮಳೆಗಾಲವನ್ನೂ ಕಾಣುವುದಿಲ್ಲ.

ಕಲ್ಲು ಕೈಗೆ ಬಂದ ಮೇಲೆ ಅದನ್ನು ಬೆಳಕಿಗೆ ಹಿಡಿದು ಅಂಚು, ಮುಖ, ತೂತು ಎಲ್ಲವನ್ನೂ ನೋಡುತ್ತೇನೆ. ಕೂದಲೆಳೆಯಂಥ ಬಿರುಕು ಮಾತ್ರ ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಸಿಗುತ್ತದೆ. ನಮ್ಮೂರಿನಲ್ಲಿ ಹಂಚು ಹೊದೆಸುವವರು ಹಂಚನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಾರಲ್ಲ, ಅದೇ ಪರೀಕ್ಷೆ. ತೂತಿನಲ್ಲಿ ಬೆರಳು ತೂರಿಸಿ ಕಲ್ಲನ್ನು ತೂಗುಬಿಟ್ಟು, ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಮೆಲ್ಲಗೆ ತಟ್ಟಬೇಕು. ನೇರ ನಡುಗೆರೆಯ ಮೇಲೆ ತಟ್ಟಿದರೆ ಒಳ್ಳೆಯ ಕಲ್ಲೂ ಮಂಕಾಗಿ ಕೇಳಬಹುದು. ಆದ್ದರಿಂದ ನಡುಗೆರೆಯ ಎಡಕ್ಕೂ ಬಲಕ್ಕೂ 45 ಡಿಗ್ರಿ ಸರಿದು, ಅಂಚಿನಿಂದ 25ರಿಂದ 50 ಮಿಲಿಮೀಟರ್ ಒಳಗೆ ತಟ್ಟುತ್ತೇನೆ. ಮತ್ತೆ ಕಲ್ಲನ್ನು 45 ಡಿಗ್ರಿ ತಿರುಗಿಸಿ ಇನ್ನೊಮ್ಮೆ. ಮಣ್ಣಿನ ಬಂಧದ, ಅಂದರೆ ವಿಟ್ರಿಫೈಡ್ ಕಲ್ಲಾದರೆ ಠಣ್ ಎನ್ನಬೇಕು. ಬಿರುಕಿದ್ದರೆ ಡಬ್ ಎನ್ನುತ್ತದೆ. ರೆಸಿನ್, ಅಂದರೆ ರಾಳದ ಬಂಧದ ಕಲ್ಲಿನ ಸ್ವರ ಹುಟ್ಟಿನಿಂದಲೇ ಸ್ವಲ್ಪ ಮಂದ, ಅದನ್ನು ಠಣ್ ಎನ್ನಲಿಲ್ಲವೆಂದು ಬೈಯಬಾರದು. ಮಳೆಗಾಲದಲ್ಲಿ ಥಂಡಿ ಹಿಡಿದ ಕಲ್ಲೂ ಸರಿಯಾಗಿ ಮಾತಾಡುವುದಿಲ್ಲ. ಅದನ್ನು ಒಣಗಿಸಿ, ಮೇಲಿನ ಧೂಳು ಒರೆಸಿ ತಟ್ಟಬೇಕು.

“ಅಣ್ಣ, ಇದರಲ್ಲಿ ಸ್ವರವೇ ಇಲ್ಲ” ಎಂದು ಹೊಸ ಹುಡುಗನೊಬ್ಬ ಕಲ್ಲು ಹಿಡಿದುಕೊಂಡು ಬಂದಿದ್ದ. “ಮೊದಲು ಹೋಗಿ ಕಂಪ್ರೆಸರ್ ನಿಲ್ಲಿಸು ಮಾರಾಯ” ಎಂದೆ. ಕಂಪ್ರೆಸರ್ ನಿಂತ ಮೇಲೆ ಕಲ್ಲು ಚೆನ್ನಾಗಿಯೇ ಹಾಡಿತು.

ಇನ್ನು ಫ್ಲೇಂಜು. ಕಲ್ಲನ್ನು ಹಿಡಿಯುವುದು ನಟ್ಟಲ್ಲ, ಎರಡು ಬದಿಯ ಈ ಬಿಲ್ಲೆಗಳು. ಫ್ಲೇಂಜಿನ ವ್ಯಾಸ ಕಲ್ಲಿನ ವ್ಯಾಸದ ಮೂರನೇ ಒಂದಕ್ಕಿಂತ ಕಡಿಮೆ ಇರಬಾರದು. 200ರ ಕಲ್ಲಿಗೆ 67 ಮಿಲಿಮೀಟರಾದರೂ ಬೇಕು. ಎರಡೂ ಒಂದೇ ಅಳತೆಯವಾಗಿರಬೇಕು. ಒಂದು ದೊಡ್ಡದು, ಇನ್ನೊಂದು ಸಣ್ಣದಾದರೆ ಏನಾಗುತ್ತದೆ? ದೊಡ್ಡದು ಹೊರಗಿನ ವೃತ್ತದಲ್ಲಿ ಒತ್ತುತ್ತದೆ, ಸಣ್ಣದು ಎದುರಿನಿಂದ ಒಳಗಿನ ವೃತ್ತದಲ್ಲಿ ಒತ್ತುತ್ತದೆ. ನಡುವೆ ಸಿಕ್ಕಿದ ಕಲ್ಲು ಬಾಗಲು ನೋಡುತ್ತದೆ. ಕಲ್ಲಿಗೆ ಬಾಗಲು ಬರುವುದಿಲ್ಲ, ಒಡೆಯಲು ಮಾತ್ರ ಬರುತ್ತದೆ. ನಟ್ಟು ಬಿಗಿದಷ್ಟೂ ಬಾಗಿಸುವ ಬಲವೂ ಹೆಚ್ಚು. ಕಳೆದುಹೋದ ಫ್ಲೇಂಜಿನ ಜಾಗದಲ್ಲಿ ದಪ್ಪ ವಾಷರು ಹಾಕಿ ಓಡಿಸುವ ಮಿಷನ್ನುಗಳನ್ನು ನಾನು ಕಂಡಿದ್ದೇನೆ. ಅಂಥ ಮಿಷನ್ನಿನ ಎದುರು ನಾನು ನಿಲ್ಲುವುದಿಲ್ಲ.

ಅಳತೆ ಸರಿಯಿದ್ದರೂ ಸಾಲದು. ಫ್ಲೇಂಜಿನ ಒಳಮುಖ ನಡುವೆ ತುಸು ತಗ್ಗಾಗಿರಬೇಕು, ಹಿಡಿತ ಹೊರಗಿನ ಉಂಗುರದಲ್ಲಷ್ಟೇ ಬೀಳಬೇಕು. ತೂತಿನ ಸುತ್ತ ಒತ್ತಡ ಬಿದ್ದರೆ ಕಲ್ಲಿನ ದುರ್ಬಲ ಜಾಗಕ್ಕೇ ಪೆಟ್ಟು. ಇದನ್ನು ಪರೀಕ್ಷಿಸಲು ನಮ್ಮ ಹಳೆಯ ಮೇಸ್ತ್ರಿ ಕಲಿಸಿದ ಉಪಾಯವನ್ನೇ ಇಂದಿಗೂ ಮಾಡುತ್ತೇನೆ. ಫ್ಲೇಂಜಿನ ಮುಖಕ್ಕೆ ಮಾರ್ಕಿಂಗ್ ನೀಲಿ ಎಂಬ ಬಣ್ಣವನ್ನು ಬೆರಳಿನಿಂದ ತೆಳ್ಳಗೆ ಸವರಿ, ಸರ್ಫೇಸ್ ಪ್ಲೇಟ್ ಎಂಬ ನಿಖರ ಸಪಾಟಿನ ಹಲಗೆಯ ಮೇಲಿಟ್ಟು ಸ್ವಲ್ಪವೇ ತಿರುಗಿಸಿ ಎತ್ತುತ್ತೇನೆ. ಪ್ಲೇಟಿನ ಮೇಲೆ ಎಲ್ಲಿಯೂ ತುಂಡಾಗದ ನೀಲಿ ಉಂಗುರ ಮೂಡಿದರೆ ಸರಿ. ಅರ್ಧಚಂದ್ರ ಮೂಡಿದರೆ, ಇಲ್ಲವೇ ನಡುವಿನಲ್ಲಿ ಚುಕ್ಕೆ ಬಿದ್ದರೆ, ಆ ಫ್ಲೇಂಜನ್ನು ಲೇತಿಗೆ ಏರಿಸಿ ಮುಖ ಕಡೆದು ಸರಿಪಡಿಸುತ್ತೇನೆ. ಅಂಚಿನಲ್ಲಿ ಎದ್ದಿರುವ ಮುಳ್ಳು, ಬಿದ್ದು ಆದ ನೆಗ್ಗು ಎಲ್ಲವೂ ಈ ನೀಲಿಯಲ್ಲಿ ಸಿಕ್ಕಿಬೀಳುತ್ತವೆ. ಕಾಲು ಗಂಟೆಯ ಕೆಲಸ. ಎಂಥ ಅವಸರದ ಗಿರಾಕಿ ಬಾಗಿಲಲ್ಲಿ ನಿಂತಿದ್ದರೂ ಇದನ್ನು ಬಿಟ್ಟು ಮುಂದೆ ಹೋಗುವುದಿಲ್ಲ.

ಫ್ಲೇಂಜಿಗೂ ಕಲ್ಲಿಗೂ ನಡುವೆ ರಟ್ಟಿನ ಬಿಲ್ಲೆ ಇರುತ್ತದೆ. ಕಲ್ಲಿನ ಮೇಲೆ ಅಂಟಿಸಿದ ಹೆಸರಿನ ಚೀಟಿ ಎಂದುಕೊಂಡು ಅದನ್ನು ಕಿತ್ತು ಎಸೆಯುವವರಿದ್ದಾರೆ. ಕಲ್ಲಿನ ಮುಖದ ಉಬ್ಬುತಗ್ಗನ್ನು ನುಂಗಿ ಒತ್ತಡವನ್ನು ಸಮನಾಗಿ ಹಂಚುವುದು ಅದರ ಕೆಲಸ. ಫ್ಲೇಂಜಿಗಿಂತ ಅದು ತುಸು ದೊಡ್ಡದಿರಬೇಕು, ಸುಕ್ಕಿರಬಾರದು. ನಮ್ಮ ಆಟಿಯ, ಅಂದರೆ ತುಳುವರ ಮಳೆಗಾಲದ ತಿಂಗಳ ಹವೆಯಲ್ಲಿ ಈ ರಟ್ಟು ನೀರು ಹೀರಿ ಉಬ್ಬುತ್ತದೆ. ಹಾಗೇ ಬಿಗಿದರೆ ನಾಲ್ಕು ದಿನ ಬಿಟ್ಟು ಒಣಗಿದಾಗ ತೆಳ್ಳಗಾಗಿ ಹಿಡಿತ ಸಡಿಲಗೊಳ್ಳುತ್ತದೆ. ಅದಕ್ಕೇ ಕಲ್ಲುಗಳನ್ನು ನೆಲದಲ್ಲಿ ಇಡದೆ, ಗೋಡೆಯಿಂದ ದೂರದ ಮರದ ಕಪಾಟಿನಲ್ಲಿ ನಿಲ್ಲಿಸಿಡುತ್ತೇನೆ. ಒಳಗೆ ಒಂದು ಸಣ್ಣ ಬಲ್ಬು ಹಗಲಿರುಳೂ ಉರಿಯುತ್ತದೆ. ಕರೆಂಟು ಬಿಲ್ಲು ನೋಡುವ ನನ್ನ ಹೆಂಡತಿಗೆ ಇದು ದುಂದು ವೆಚ್ಚ.

ಸ್ಪಿಂಡಲಿಗೆ ಕಲ್ಲು ತಾನಾಗಿ ಜಾರಿ ಹೋಗಬೇಕು. ಹೋಗದಿದ್ದರೆ ತಪ್ಪು ತುಕ್ಕಿನದು. ಸಮುದ್ರದ ಉಪ್ಪುಗಾಳಿಗೆ ಇಲ್ಲಿ ಯಾವ ಕಬ್ಬಿಣವೂ ನೆಟ್ಟಗಿರುವುದಿಲ್ಲ. ನಯವಾದ ಎಮರಿ ಕಾಗದದಿಂದ ತಿಕ್ಕಿ, ಒಣ ಬಟ್ಟೆಯಿಂದ ಒರೆಸಿ, ಆಮೇಲೆ ಕಲ್ಲು ಏರಿಸುತ್ತೇನೆ. ಸುತ್ತಿಗೆಯಿಂದ ಬಡಿದು ಕೂರಿಸುವ ಮಾತೇ ಇಲ್ಲ. ಹಾಗೆಂದು ತೂತು ಸಡಿಲವಾಗಿಯೂ ಇರಬಾರದು. 31.75 ಮಿಲಿಮೀಟರ್ ತೂತಿನ ಕಲ್ಲನ್ನು ಸಣ್ಣ ಸ್ಪಿಂಡಲಿಗೆ ಹಾಕುವಾಗ ಜೊತೆಗೆ ಬರುವ, ತೂತನ್ನು ಕಿರಿದಾಗಿಸುವ ಪ್ಲಾಸ್ಟಿಕ್ ಬುಷ್ಷನ್ನೇ ಬಳಸಬೇಕು, ಆ ಬುಷ್ಷು ಕಲ್ಲಿನ ಮುಖದಿಂದ ಹೊರಗೆ ಇಣುಕಬಾರದು. ಇಣುಕಿದರೆ ಫ್ಲೇಂಜು ಒತ್ತುವುದು ಬುಷ್ಷನ್ನು, ಕಲ್ಲನ್ನಲ್ಲ. ಸ್ಪಿಂಡಲಿನ ಸುತ್ತ ಪೇಪರ್ ಸುತ್ತಿ ಅಳತೆ ಹೊಂದಿಸುವ ಕಲೆಗಾರರಿಗೆ ದೊಡ್ಡ ನಮಸ್ಕಾರ.

ಈಗ ನಟ್ಟು. ಎರಡು ಕಲ್ಲಿನ ಗ್ರೈಂಡರಿನಲ್ಲಿ ಬಲಗಡೆಯದು ಮಾಮೂಲು ಮರೆ (ನಟ್ಟಿನ ತಿರುಪು ಗೆರೆ), ಎಡಗಡೆಯದು ಎಡಮರೆ, ಅಂದರೆ ಎಡಕ್ಕೆ ತಿರುಗಿಸಿದರೆ ಬಿಗಿಯಾಗುವಂಥದು. ತಿರುಗುವಾಗ ನಟ್ಟು ತಾನೇ ಬಿಗಿಯಾಗಲಿ ಎಂದು ಹಾಗೆ ಮಾಡಿರುತ್ತಾರೆ. ಎಡಗಡೆಯ ನಟ್ಟನ್ನು ಬಿಚ್ಚಲು ಹೋಗಿ ಇನ್ನಷ್ಟು ಬಿಗಿದು ಒದ್ದಾಡುವವರನ್ನು ಪ್ರತಿ ವರ್ಷ ನೋಡುತ್ತೇನೆ. ಬಿಗಿಯುವಾಗ ಮಾಮೂಲು ಉದ್ದದ ಸ್ಪ್ಯಾನರು, ಒಂದು ಕೈ, ಅಷ್ಟೇ. ಕಲ್ಲು ಫ್ಲೇಂಜಿನ ನಡುವೆ ಜಾರದಷ್ಟು ಬಿಗಿಯಾದರೆ ಸಾಕು. ಸ್ಪ್ಯಾನರಿಗೆ ಪೈಪು ತೊಡಿಸುವುದು, ಸುತ್ತಿಗೆಯಿಂದ ಹೊಡೆಯುವುದು ನನ್ನ ಶೆಡ್ಡಿನಲ್ಲಿ ನಿಷಿದ್ಧ. ಸರ್ಫೇಸ್ ಗ್ರೈಂಡರಿನ ಫ್ಲೇಂಜಿಗೆ ಹಲವು ಸ್ಕ್ರೂ ಇದ್ದರೆ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತೇನೆ, ಒಂದನ್ನೇ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗುವುದಿಲ್ಲ.

ಆ ಎಡಮರೆ ಬಲಮರೆಯ ವಿಷಯದಲ್ಲಿ ಕರಾವಳಿಯವರು ನೆನಪಿಡಬೇಕಾದದ್ದು ಒಂದಿದೆ. ಮಳೆಗಾಲದಲ್ಲಿ ಮರ ಬಿದ್ದು, ಕಂಬ ಉರುಳಿ, ತಂತಿ ಮತ್ತೆ ಜೋಡಿಸುವಾಗ ಮೂರು ಫೇಸಿನಲ್ಲಿ ಎರಡು ಅದಲುಬದಲಾಗುವುದುಂಟು. ಒಮ್ಮೆ ಹಾಗೆ ಕರೆಂಟು ಬಂದ ಬೆಳಿಗ್ಗೆ ಲೇತಿನ ಹುಡುಗ, “ಅಣ್ಣ, ಚಕ್ಕು ಹಿಂದಕ್ಕೆ ತಿರುಗುತ್ತಿದೆ” ಎಂದ. ಅಂದು ಲೇತಿನಲ್ಲಿ ನಷ್ಟವೇನೂ ಆಗಲಿಲ್ಲ, ನಗಬಹುದಿತ್ತು. ಆದರೆ ಮೂರು ಫೇಸಿನ ಗ್ರೈಂಡರೂ ಅದೇ ಲೈನಿನಲ್ಲಿದೆ. ಹಿಂದಕ್ಕೆ ತಿರುಗಿದರೆ ಬಿಗಿಯಾಗಬೇಕಾದ ನಟ್ಟು, ಪ್ರತಿ ಸಲ ಸ್ವಿಚ್ ಹಾಕಿದಾಗ, ಎರಡೂ ಬದಿಯಲ್ಲಿ ಬಿಚ್ಚಿಕೊಳ್ಳಲು ನೋಡುತ್ತದೆ. ಅಂದಿನಿಂದ ಲೈನಿನಲ್ಲಿ ಯಾವುದೇ ದುರಸ್ತಿ ನಡೆದ ಮೇಲೆ ಗ್ರೈಂಡರಿನ ಸ್ವಿಚ್ಚನ್ನು ಕ್ಷಣಮಾತ್ರ ಹಾಕಿ ತೆಗೆದು, ಎದುರಿನ ಮುಖ ಕೆಳಕ್ಕೆ ತಿರುಗುತ್ತದೆಯೇ ಎಂದು ನೋಡದೆ ಯಾರೂ ಮುಟ್ಟುವಂತಿಲ್ಲ. ತಿರುಗುವ ದಿಕ್ಕಿನ ಬಾಣವನ್ನು ಗಾರ್ಡಿನ ಮೇಲೆ ಕೆಂಪು ಬಣ್ಣದಲ್ಲಿ ಬರೆದಿದ್ದೇವೆ. ಫೇಸ್ ತಪ್ಪಿದರೆ ಮೋಟಾರು ಹತ್ತದಂತೆ ಮಾಡುವ ರಿಲೇ ಸಿಗುತ್ತದೆ. ಅದನ್ನೂ ಈಗ ಹಾಕಿಸಿದ್ದೇನೆ.

ಕಲ್ಲು ಕೂತ ಮೇಲೆ ಕೈಯಿಂದ ಒಂದು ಸುತ್ತು ತಿರುಗಿಸಿ ಎಲ್ಲಿಯೂ ತಾಗುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳುತ್ತೇನೆ. ಟೂಲ್ ರೆಸ್ಟಿಗೂ (ಸಾಣೆ ಹಿಡಿಯುವ ವಸ್ತುವನ್ನು ಊರುವ ತಟ್ಟೆ) ಕಲ್ಲಿಗೂ ನಡುವೆ 3 ಮಿಲಿಮೀಟರಿಗಿಂತ, ಗಾರ್ಡಿನ ಮೇಲ್ತುದಿಯ ಸರಿಸಬಹುದಾದ ನಾಲಿಗೆಗೂ ಕಲ್ಲಿಗೂ ನಡುವೆ 6 ಮಿಲಿಮೀಟರಿಗಿಂತ ಹೆಚ್ಚು ಸಂದಿ ಬಿಡುವುದಿಲ್ಲ. ಕಲ್ಲು ಸವೆದಂತೆ ಇವನ್ನು ಮುಂದಕ್ಕೆ ತರುತ್ತಿರಬೇಕು, ಅದೂ ಮಿಷನ್ ನಿಲ್ಲಿಸಿ. ಗಾರ್ಡು ಹಾಕಿ, ಸ್ವಿಚ್ ಒತ್ತಿ, ಕಲ್ಲಿನ ನೇರಕ್ಕೆ ನಿಲ್ಲದೆ ಬದಿಗೆ ಸರಿದು, ಒಂದು ನಿಮಿಷವಾದರೂ ಖಾಲಿ ಓಡಿಸುತ್ತೇನೆ. ಹೊಸ ಕಲ್ಲು ಒಡೆಯುವುದಿದ್ದರೆ ಹೆಚ್ಚಾಗಿ ಆ ಹೊತ್ತಿನಲ್ಲೇ ಒಡೆಯುತ್ತದೆ. ಆಮೇಲೆ ಡ್ರೆಸ್ಸರ್ ಹಿಡಿದು ಮುಖ ಸಮ ಮಾಡುವುದು.

ಸರ್ಫೇಸ್ ಗ್ರೈಂಡರಿನಲ್ಲಿ ಇದರ ಮೇಲೊಂದು ಕೆಲಸ, ತೂಕ ಸಮ ಮಾಡುವುದು. ಕಲ್ಲನ್ನು ಮಿಷನ್ನಿಗೆ ಹಾಕಿ ಡೈಮಂಡಿನಿಂದ ಒಮ್ಮೆ ಸಮ ಮಾಡಿ, ಫ್ಲೇಂಜಿನ ಸಮೇತ ಬಿಚ್ಚಿ ಬ್ಯಾಲೆನ್ಸಿಂಗ್ ಸ್ಟ್ಯಾಂಡಿನ ಮೇಲೆ ಬಿಡುತ್ತೇನೆ. ಭಾರವಿರುವ ಬದಿ ಕೆಳಗೆ ಬಂದು ನಿಲ್ಲುತ್ತದೆ. ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಫ್ಲೇಂಜಿನ ತೋಡಿನಲ್ಲಿರುವ ಸಣ್ಣ ತೂಕಗಳನ್ನು ಸರಿಸುತ್ತಾ, ಎಲ್ಲಿ ಬಿಟ್ಟರೂ ಅಲ್ಲೇ ನಿಲ್ಲುವ ತನಕ ತಾಳ್ಮೆಯಿಂದ ಕೂರಬೇಕು. ಫ್ಯಾನಿನ ಗಾಳಿಗೂ ಕಲ್ಲು ಅಲುಗುತ್ತದೆ, ಅದಕ್ಕೆ ಬೆವರುತ್ತಲೇ ಈ ಕೆಲಸ. ಇಷ್ಟು ಮಾಡಿಯೂ ಸಂಜೆ ಕೂಲಂಟನ್ನೂ (ಕಲ್ಲನ್ನು ತಂಪಾಗಿಡಲು ಹರಿಸುವ ನೀರು) ಕಲ್ಲನ್ನೂ ಒಟ್ಟಿಗೆ ನಿಲ್ಲಿಸಿದರೆ ಶ್ರಮವೆಲ್ಲ ನೀರಿಗೆ ಹೋಯಿತೆಂದೇ ಲೆಕ್ಕ. ಕಲ್ಲು ಹೀರಿದ ನೀರು ರಾತ್ರಿಯಿಡೀ ಕೆಳಬದಿಗೆ ಇಳಿದು, ಬೆಳಿಗ್ಗೆ ಒಂದೇ ಕಡೆ ಭಾರವಾದ ಕಲ್ಲು ನಡುಗುತ್ತಾ ಎದ್ದೇಳುತ್ತದೆ. ಮೊದಲು ಕೂಲಂಟು ಬಂದ್ ಮಾಡಿ, ಕೆಲವು ನಿಮಿಷ ಕಲ್ಲನ್ನು ಹಾಗೇ ತಿರುಗಲು ಬಿಟ್ಟು ನೀರು ಚಿಮ್ಮಿಸಿ, ಆಮೇಲೆ ನಿಲ್ಲಿಸಬೇಕು.

ಆ್ಯಂಗಲ್ ಗ್ರೈಂಡರಿನ ವಿಷಯದಲ್ಲಿ ನನಗೆ ಸಿಟ್ಟೇ ಬರುತ್ತದೆ. 5 ಇಂಚಿನ ಡಿಸ್ಕಿನ ತೂತು 22 ಮಿಲಿಮೀಟರ್, 4 ಇಂಚಿನ ಮಿಷನ್ನಿನದು 16. ನಡುವೆ ಏನಾದರೂ ತುರುಕಿ, ದೊಡ್ಡ ಡಿಸ್ಕಿಗೆ ಅಡ್ಡ ಬರುವ ಗಾರ್ಡನ್ನು ಬಿಚ್ಚಿಟ್ಟು, ಬೋಟಿನ ಕೆಳಗೆ ಅಂಗಾತ ಮಲಗಿ ಕತ್ತರಿಸುವುದನ್ನು ಧೈರ್ಯ ಎನ್ನುತ್ತಾರೆ. ಈ ಡಿಸ್ಕುಗಳು ರೆಸಿನ್ನಿನವು, ಹಳತಾದಂತೆ, ತೇವ ಕುಡಿದಂತೆ ಬಲ ಕಳೆದುಕೊಳ್ಳುತ್ತವೆ. ಒಳ್ಳೆಯ ಡಿಸ್ಕಿನ ನಡುವಿನ ಲೋಹದ ಬಳೆಯ ಮೇಲೆ ಯಾವ ತಿಂಗಳು, ಯಾವ ವರ್ಷದ ತನಕ ಬಳಸಬಹುದು ಎಂದು ಅಚ್ಚಾಗಿರುತ್ತದೆ. ಸಾಮಾನ್ಯವಾಗಿ ತಯಾರಾದಲ್ಲಿಂದ 3 ವರ್ಷ. ಅಂಗಡಿಯಲ್ಲಿ ರಿಯಾಯಿತಿಗೆ ಕೊಡುವ ಕಟ್ಟುಗಳಲ್ಲಿ ಮೊದಲು ಆ ಬಳೆಯನ್ನು ಓದಿ, ಆಮೇಲೆ ಬೆಲೆ ಕೇಳುತ್ತೇನೆ.

ತಟ್ಟಿದಾಗ ಡಬ್ ಎಂದ ಕಲ್ಲು, ಕೈಜಾರಿ ನೆಲಕ್ಕೆ ಬಿದ್ದ ಕಲ್ಲು, ಅವಧಿ ಮೀರಿದ ಡಿಸ್ಕು ಇವು ಯಾವುವನ್ನೂ ಇಡಿಯಾಗಿ ಹೊರಗೆ ಬಿಸಾಡುವುದಿಲ್ಲ. ಕಲ್ಲನ್ನು ಗೋಣಿಯಲ್ಲಿ ಸುತ್ತಿ, ಕನ್ನಡಕ ಹಾಕಿಕೊಂಡು, ಸುತ್ತಿಗೆಯಿಂದ ತುಂಡು ಮಾಡುತ್ತೇವೆ. ಡಿಸ್ಕನ್ನು ಅಡ್ಡಕ್ಕೆ ಮುರಿಯುತ್ತೇವೆ. ಇಡಿಯಾಗಿ ಹೋದದ್ದು ಗುಜರಿಯವನ ಗಾಡಿ ಏರಿ, ಯಾವುದೋ ಗೂಡಂಗಡಿಯಲ್ಲಿ ಅರ್ಧ ಬೆಲೆಗೆ ಬಿಕರಿಯಾಗಿ, ಇನ್ಯಾರದೋ ಸ್ಪಿಂಡಲಿಗೆ ಏರುತ್ತದೆ.