127 ಹಲ್ಲಿನ ಗೇರ್ ಇಲ್ಲದೆ ಮಿಲಿಮೀಟರ್ ಥ್ರೆಡ್: ನನ್ನ ಅನುಭವ

"127 ಇಲ್ದೆ ಮಿಲಿಮೀಟರ್ ಥ್ರೆಡ್ಡಾ? ಬಿಡಪ್ಪ, ನಟ್ ಹತ್ತಲ್ಲ." ಲೇತ್ ಮುಂದೆ ನನಗಿಂತ ಜಾಸ್ತಿ ವರ್ಷ ನಿಂತವರು ಹೇಳಿದ ಮಾತು ಇದು. ಈಗ ನನ್ನ ಬೆಂಚಿನ ಮೇಲೆ ಸುಮಾರು 250 ಮಿಲಿಮೀಟರ್ ಉದ್ದದ ಎಂ12 ಸ್ಟಡ್ (12 ಮಿಲಿಮೀಟರ್ ದಪ್ಪದ ಥ್ರೆಡ್ ರಾಡ್) ಇದೆ. ಪಿಚ್, ಅಂದರೆ ಒಂದು ಥ್ರೆಡ್ಡಿನಿಂದ ಮುಂದಿನದಕ್ಕೆ ಅಂತರ, 1.75 ಮಿಲಿಮೀಟರ್. ಕೊಂಡು ತಂದ ಉದ್ದನೆಯ ಕಪ್ಲಿಂಗ್ ನಟ್ ಈ ತುದಿಯಿಂದ ಆ ತುದಿಗೆ ಎರಡೇ ಬೆರಳಲ್ಲಿ ಓಡುತ್ತದೆ.

ನನ್ನದು ಇಂಚಿನ ಲೇತ್, ಟೂಲನ್ನು ಉದ್ದಕ್ಕೆ ಸಾಗಿಸುವ ಲೀಡ್ ಸ್ಕ್ರೂ ಇಂಚಿಗೆ 8 ಥ್ರೆಡ್. ಇಂಚು ಅಂದರೆ 25.4 ಮಿಲಿಮೀಟರ್, ಅದರ ಐದು ಪಟ್ಟು 127. ಇಂಚಿನ ಲೇತಿನಲ್ಲಿ ಮಿಲಿಮೀಟರ್ ಪಿಚ್ ಕರಾರುವಾಕ್ಕಾಗಿ ಬರಲು ಆ ಗೇರ್ ಕೇಳುವುದು ಅದಕ್ಕೇ. 127 ಕೊಳ್ಳೋಣ ಅಂತಲೇ ಇದ್ದೆ. ಅದಕ್ಕೆ ಕೇಳಿದ ದುಡ್ಡಿಗೆ ಸಣ್ಣ ಗೇರ್ ಮೂರು ನಾಲ್ಕು ಬರುತ್ತಿದ್ದವು. ಮೇಲಾಗಿ ಅಷ್ಟು ದೊಡ್ಡದು ಗೇರುಗಳನ್ನು ಹಿಡಿಯುವ ನನ್ನ ಕ್ವಾಡ್ರಂಟ್‌ನಲ್ಲಿ ಕೂರುವುದಿಲ್ಲ, ಗೇರಿನ ಬಾಗಿಲೂ ಮುಚ್ಚುವುದಿಲ್ಲ. 63 ಹಲ್ಲಿನದು ಒಂದೇ ತಂದೆ.

ಎಡವಿದ್ದು ಅಲ್ಲೇ. 63 ಅಂದರೆ 127ರ ಅರ್ಧಕ್ಕೆ ಹತ್ತಿರ ಅಲ್ವಾ ಅಂದುಕೊಂಡು ಸ್ಪಿಂಡಲ್ (ರಾಡನ್ನು ತಿರುಗಿಸುವ ಅಚ್ಚು) ಕಡೆಯ 35ರಿಂದ ಲೀಡ್ ಸ್ಕ್ರೂವಿನ 63ಕ್ಕೆ ಸೀದಾ ಓಡಿಸಿದೆ. ಮಾಮೂಲಿ ನಟ್ ಬಿಗಿಯಾಗಿ ಹತ್ತಿತು. ಕಪ್ಲಿಂಗ್ ನಟ್ ಅರ್ಧ ದಾರಿಯಲ್ಲಿ ಕಚ್ಚಿಕೊಂಡಿತು. ಸ್ಪ್ಯಾನರ್ ಹಾಕಿ ಬಿಚ್ಚಿದರೆ ಥ್ರೆಡ್ಡೇ ಕಿತ್ತು ಬಂತು. ತಪ್ಪು ನೂರಕ್ಕೆ 0.8ರಷ್ಟು. ಒಂದು ಥ್ರೆಡ್ಡಿನಲ್ಲಿ ಕಣ್ಣಿಗೆ ಕಾಣಲ್ಲ, ಇಪ್ಪತ್ತು ಸೇರಿದರೆ ಕಾಲು ಮಿಲಿಮೀಟರ್ ದಾಟುತ್ತದೆ.

ಅದೇ 63ರ ಜೊತೆ 80 ಇಟ್ಟರೆ ಕಥೆಯೇ ಬೇರೆ. 63/80 ಅಂದರೆ 0.7875. ಬೇಕಾದ್ದು 100/127, ಅಂದರೆ 0.7874. 1.75ಕ್ಕೆ ನಾನು ಹಾಕಿದ್ದು ಹೀಗೆ: ಸ್ಪಿಂಡಲ್ ಕಡೆ 35, ಅದು 50ನ್ನು ತಿರುಗಿಸುತ್ತದೆ. 50ರ ಜೊತೆ ಒಂದೇ ಬುಷ್ ಮೇಲೆ, ಒಟ್ಟಿಗೇ ತಿರುಗುವಂತೆ, 63. ಅದರಿಂದ ಲೀಡ್ ಸ್ಕ್ರೂವಿನ 80ಕ್ಕೆ. 1.5 ಬೇಕಾದರೆ 35ರ ಜಾಗಕ್ಕೆ 30, 1.25ಕ್ಕೆ 25. ಪಿಚ್ 1 ಬೇಕಾದರೆ 25 ಇರಲಿ, 80 ತೆಗೆದು 100 ಹಾಕಿ. 300 ಮಿಲಿಮೀಟರ್ ಉದ್ದಕ್ಕೂ ತಪ್ಪು 0.04 ಮಿಲಿಮೀಟರ್ ಒಳಗೇ. ನನ್ನ ಲೀಡ್ ಸ್ಕ್ರೂ ಸವೆದಿರುವುದೇ ಅದಕ್ಕಿಂತ ಜಾಸ್ತಿ.

ಗೇರ್ ಸರಿಯಾದ ಮೇಲೂ ಎರಡು ರಾಡ್ ಹಾಳಾದವು. ಅಭ್ಯಾಸಬಲದಿಂದ ಹಾಫ್ ನಟ್ (ಲೀಡ್ ಸ್ಕ್ರೂವನ್ನು ಕಚ್ಚಿ ಟೂಲನ್ನು ಸಾಗಿಸುವುದು) ಬಿಚ್ಚಿ, ಅದನ್ನು ಯಾವಾಗ ಹಾಕಬೇಕೆಂದು ತೋರಿಸುವ ಡಯಲ್ ನೋಡಿಕೊಂಡು ಮತ್ತೆ ಹಾಕಿದೆ. ಎರಡನೇ ಕಟ್ ಮೊದಲನೆಯದರ ಪಕ್ಕದಲ್ಲಿ ಹೊಸ ಗೆರೆ ಎಳೆಯಿತು. ಇಂಚಿನ ಡಯಲ್ ಇಲ್ಲಿ ಮಾಮೂಲಿನಂತೆ ದಾರಿ ತೋರಿಸಲ್ಲ. ಹಾಫ್ ನಟ್ ಕೊನೇವರೆಗೂ ಹಾಕಿಯೇ ಇರಲಿ. ತುದಿಗೆ ಬಂದಾಗ ನಿಲ್ಲಿಸಿ, ಟೂಲ್ ಪೂರ್ತಿ ಹೊರಗೆಳೆದು, ಉಲ್ಟಾ ತಿರುಗಿಸಿ ವಾಪಸ್ ತನ್ನಿ. ಟೂಲ್ ಸ್ವಲ್ಪವೇ ಎಳೆದರೆ ಸಾಕು ಅಂದುಕೊಂಡು ಒಂದು ಒಳ್ಳೆ ಟೂಲಿನ ಮೂತಿ ಮುರಿದುಕೊಂಡೆ. ಉಲ್ಟಾ ಬರುವಾಗ ಗೇರಿನ ಸಡಿಲದಿಂದ ಟೂಲ್ ಬಂದ ದಾರಿಯಲ್ಲೇ ಹೋಗಲ್ಲ, ಥ್ರೆಡ್ಡಿನ ಪಕ್ಕಕ್ಕೆ ಒರೆಸುತ್ತದೆ.

ರಾಡ್ ಹಿಡಿಯುವ ನನ್ನ ಚಕ್ ಸ್ಪಿಂಡಲ್‌ಗೆ ತಿರುಪಿನಿಂದ ಕೂರುವಂಥದ್ದು. ಮೋಟಾರ್ ಉಲ್ಟಾ ಓಡಿಸಿದರೆ ಬಿಚ್ಚಿಕೊಳ್ಳುತ್ತೆ. ಅದಕ್ಕೆ ಸ್ಪಿಂಡಲ್ ತೂತಿನಲ್ಲಿ ಹಿಗ್ಗಿ ಹಿಡಿಯುವ ಒಂದು ಹ್ಯಾಂಡಲ್ ಮಾಡಿಕೊಂಡೆ, ಗುಜರಿ ತುಂಡುಗಳಿಂದಲೇ. ಕೈಯಲ್ಲಿ ತಿರುಗಿಸಿದರೆ ರಾಡಿನ ಭುಜದ (ದಪ್ಪ ಭಾಗ ಶುರುವಾಗುವ ಜಾಗ) ಹತ್ತಿರ ಕೂದಲೆಳೆಯಷ್ಟು ಅಂತರದಲ್ಲಿ ನಿಲ್ಲಿಸಬಹುದು. ಪ್ಲಗ್ ಮಾತ್ರ ಕಿತ್ತಿಡಿ. ಹ್ಯಾಂಡಲ್ ಒಳಗಿರುವಾಗ ಮೋಟಾರ್ ಶುರುವಾದರೆ ಕೈ ಹೋಗುತ್ತದೆ.

ಥ್ರೆಡ್ಡಿನ ಆಳ 1.07 ಮಿಲಿಮೀಟರಿನಷ್ಟು, ಹದಿನಾಲ್ಕೋ ಹದಿನೈದೋ ಕಟ್ ಆಯಿತು. ಕೊನೆಯ ಎರಡು ಕಟ್‌ಗೆ ಟೂಲನ್ನು ನಾನು ಬೇರೆ ಥರ ಉಜ್ಜಿಕೊಳ್ಳುತ್ತೇನೆ. ಥ್ರೆಡ್ಡಿನ ಹೊಳಪೆಲ್ಲ ಅಲ್ಲಿಂದ ಬರುವುದು, ಅದು ನನ್ನಲ್ಲೇ ಇರಲಿ.

ಗೇರ್ ಹರಡಿಕೊಂಡು ಕೂತಿದ್ದಾಗ ಇನ್ನೊಂದು ಹೊಳೆಯಿತು. ಮಾಡ್ಯೂಲ್ (ಗೇರ್ ಹಲ್ಲಿನ ಅಳತೆ) 1ರ ವರ್ಮ್‌ಗೆ, ಅಂದರೆ ಹಲ್ಲಿನ ಚಕ್ರವನ್ನು ತಿರುಗಿಸುವ ತಿರುಪಿಗೆ, ಪಿಚ್ ಅಂದರೆ ಪೈ ಲೆಕ್ಕ, 3.1416 ಮಿಲಿಮೀಟರ್. ಅದಕ್ಕೆ 55ರಿಂದ 50ಕ್ಕೆ, 36ರಿಂದ 40ಕ್ಕೆ ಹಾಕಿದರೆ 0.99 ಸಿಗುತ್ತದೆ. ತಪ್ಪು ನೂರಕ್ಕೆ 0.05ರಷ್ಟು. ಸುಮ್ನೆ ಒಂದು ಹಿತ್ತಾಳೆ ತುಂಡಿನಲ್ಲಿ ಕಟ್ ಮಾಡಿದೆ. ಮೊದಲ ಸಲಕ್ಕೇ 40 ಹಲ್ಲಿನ ಚಕ್ರಕ್ಕೆ ಕೂತಿತು. ಆ ಜೋಡಿಯನ್ನೇ ಈಗ ಡಿವೈಡಿಂಗ್ ಹೆಡ್ (ಸುತ್ತನ್ನು ಸಮ ಭಾಗ ಮಾಡಿ ತಿರುಗಿಸುವ ಸಾಧನ) ಮಾಡುತ್ತಿದ್ದೇನೆ. ಅದು ಮುಗಿದರೆ ಮುಂದಿನ 63ನ್ನು ನಾನೇ ಕಟ್ ಮಾಡಿಕೊಳ್ಳಬಹುದು.