ಇಳಿಯುವಾಗ ಲೀಶ್ ಎದೆಯ ರಿಂಗ್‌ಗೆ
ನಾಯಿಯೊಂದಿಗೆ ಗುಡ್ಡ ಹತ್ತುವಾಗ ಲೀಶನ್ನು ಹಾರ್ನೆಸ್‌ನ (ನಾಯಿಯ ಎದೆ, ಬೆನ್ನು ಸುತ್ತಿ ಕಟ್ಟುವ ಪಟ್ಟಿಯ) ಬೆನ್ನ ಮೇಲಿನ ರಿಂಗ್‌ಗೂ, ಇಳಿಯುವಾಗ ಎದೆಯ ಮುಂದಿರುವ ರಿಂಗ್‌ಗೂ ಸಿಕ್ಕಿಸಿಕೊಳ್ಳಿ. ಬೆನ್ನಿನ ಕಡೆಯಿಂದ ಹಿಡಿದಾಗ ನಾಯಿಯು ಮೈಭಾರವನ್ನೆಲ್ಲ ಮುಂದಕ್ಕೆ ಹಾಕಿ ಎಳೆಯಬಲ್ಲದು. ಏರಿನಲ್ಲಿ ಅದರಿಂದ ಅಷ್ಟೇನೂ ತೊಂದರೆಯಿಲ್ಲ (ನಮಗೆ ತುಸು ಸಹಾಯವೇ ಎನ್ನಬೇಕು), ಆದರೆ ಸಡಿಲ ಕಲ್ಲುಗಳಿರುವ ಇಳಿಜಾರಿನಲ್ಲಿ ಅದೇ ಎಳೆತಕ್ಕೆ ನಮ್ಮ ಕಾಲು ಜಾರುತ್ತದೆ. ಎದೆಯ ಕಡೆಯಿಂದ ಹಿಡಿದಿದ್ದರೆ, ಎಳೆದೊಡನೆ ನಾಯಿಯ ಮೈ ಪಕ್ಕಕ್ಕೆ ತಿರುಗುವುದರಿಂದ ಅದು ಪೂರ್ಣ ಬಲ ಹಾಕಲಾರದೆ ವೇಗ ತಗ್ಗಿಸುತ್ತದೆ. ಒಂದು ಬದಿಯಲ್ಲಿ ಕಡಿದಾದ ಇಳುಕಲಿರುವ ಕಿರುದಾರಿಯಲ್ಲಿ ಇದು ಸಲ್ಲದು, ಏಕೆಂದರೆ ಅಲ್ಲಿ ಪಕ್ಕಕ್ಕೆ ತಿರುಗುವುದೇ ಅಪಾಯ. ಬಹಳ ಉದ್ದದ ಲೀಶ್‌ಗೂ ಈ ಉಪಾಯ ಹೊಂದುವುದಿಲ್ಲ. ಸಡಿಲವಾದೊಡನೆ ಅದು ಮುಂಗಾಲುಗಳಿಗೆ ಸುತ್ತಿಕೊಳ್ಳುತ್ತದೆ.